ಆ ಹೆಂಗಸಿನ ಗುಟ್ಟು, ನಿಮ್ಮ ಅಳುಕು

ಪ್ರಶ್ನೆ: ನನಗೆ 42 ವರ್ಷ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ನವನಗರದಲ್ಲಿ. ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆ. ಮನೆಯ ಕಪಾಟಿನ ತುಂಬ ಒಳ್ಳೆಯ ಪುಸ್ತಕಗಳಿವೆ. ಮಾವನವರು ಕುಮಾರವ್ಯಾಸನನ್ನು ರಾಗವಾಗಿ ಓದುವವರು. ಎರಡು ತಿಂಗಳ ಹಿಂದೆ ಹಳೆಯ ಪುಸ್ತಕದಂಗಡಿಯಲ್ಲಿ ಮುಖಪುಟ ಹರಿದ ಒಂದು ದಪ್ಪ ಸಾಮಾಜಿಕ ಕಾದಂಬರಿ ಸಿಕ್ಕಿತು. ಅದರ ನಾಯಕಿ ಸುಳ್ಳು ಹೇಳುತ್ತಾಳೆ, ತಂಗಿಯ ಮದುವೆಗೆ ಕಲ್ಲು ಹಾಕುತ್ತಾಳೆ, ಯಾರ ಮಾತಿಗೂ ಬಗ್ಗುವುದಿಲ್ಲ. ನಿಜಜೀವನದಲ್ಲಿ ಇಂಥವಳ ನೆರಳೂ ನನಗೆ ಬೇಡ. ಆದರೂ ಅವಳನ್ನು ಬಿಟ್ಟಿರಲು ಆಗುತ್ತಿಲ್ಲ. ಚಿಗರಿ ಬಸ್ಸಿನಲ್ಲಿ ಓದುತ್ತಾ ನವನಗರ ದಾಟಿ ಉಣಕಲ್ಲಿನಲ್ಲಿ ಇಳಿದಿದ್ದೇನೆ. ಹಂಚಿನ ಮೇಲೆ ರೊಟ್ಟಿ ಕರಕಾಗಿದೆ. ಮಾವನವರ ಹೆಜ್ಜೆಯ ಸದ್ದಾದರೆ ಪುಸ್ತಕದ ಮೇಲೆ ದಿನಪತ್ರಿಕೆ ಮುಚ್ಚುತ್ತೇನೆ. ಓದಿ ಮುಗಿಸಿ, ಈಗ ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ. ಇದು ಕೀಳು ಅಭಿರುಚಿಯೇ? ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಡಿ ತಂಗಿ. ಮೊದಲು ಇಷ್ಟು ಹೇಳಿಬಿಟ್ಟು ಆಮೇಲೆ ವಿವರಕ್ಕೆ ಬರುತ್ತೇನೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರವನ್ನು ಅವುಗಳ ಹಿಂದಿನ ಸಾಲಿನಲ್ಲಿ ನೀವೇ ಬರೆದಿದ್ದೀರಿ: ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ ಎಂದು. ಧಾರವಾಡದ ಕಾಲೇಜೊಂದರಲ್ಲಿ 31 ವರ್ಷ ಕಾದಂಬರಿ ಪಾಠ ಮಾಡಿದವಳು ನಾನು. ಪುಸ್ತಕದ ಗಟ್ಟಿತನ ಅಳೆಯಲು ನನಗೆ ಇದಕ್ಕಿಂತ ನೇರವಾದ ಒರೆಗಲ್ಲು ಸಿಕ್ಕಿಲ್ಲ. ಮುಂದೇನಾಯಿತು ಎಂಬ ಕುತೂಹಲವೊಂದೇ ಓದಿಸಿದ್ದರೆ, ಕೊನೆ ತಿಳಿದ ಮರುದಿನ ಆ ಪುಸ್ತಕ ರದ್ದಿಗೆ ಸೇರುತ್ತಿತ್ತು. ಯಾರು ಯಾರನ್ನು ಮದುವೆಯಾದರು, ಯಾರು ಊರು ಬಿಟ್ಟರು ಎಂಬುದೆಲ್ಲ ಗೊತ್ತಿದ್ದೂ ನೀವು ಮೊದಲ ಪುಟಕ್ಕೆ ಮರಳಿದ್ದೀರಿ. ಅಂದ ಮೇಲೆ ನೀವು ಹೋದದ್ದು ಆ ಹೆಂಗಸನ್ನು ನೋಡಲು.

ನಿಮ್ಮ ರೊಟ್ಟಿ ಕರಕಾದದ್ದನ್ನು ಓದಿದಾಗ ನನಗೊಂದು ಹಳೆಯ ಮಾತು ನೆನಪಾಯಿತು. ಹಿಂದಿ, ಬಂಗಾಳಿಯವರು ಈ ಪ್ರಕಾರವನ್ನು ಉಪನ್ಯಾಸ ಎನ್ನುತ್ತಾರೆ, ತೆಲುಗರು ನವಲ ಎನ್ನುತ್ತಾರೆ. ನಾವೂ ಮರಾಠಿಗರೂ ಕಾದಂಬರಿ ಎನ್ನುತ್ತೇವೆ, ಅದು ಒಬ್ಬ ಹುಡುಗಿಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟ ಬರೆದ ಸಂಸ್ಕೃತ ಗದ್ಯಕಥೆಯ ಗಂಧರ್ವ ಕನ್ಯೆ ಅವಳು. ಕಥೆ ಬಹಳ ದೂರ ಸಾಗಿದ ಮೇಲೆಯೇ ಅವಳು ಕಾಣಿಸಿಕೊಳ್ಳುವುದು. ಆದರೂ ಕೃತಿಗೆ ಅವಳ ಹೆಸರೇ ಬಂದಿತು, ನಾಗವರ್ಮ ಸುಮಾರು 1000 ವರ್ಷಗಳ ಹಿಂದೆ ಅದನ್ನು ಕನ್ನಡಕ್ಕೆ ತಂದಾಗಲೂ ಆ ಹೆಸರೇ ಉಳಿಯಿತು, ಕೊನೆಗೆ ಪ್ರಕಾರಕ್ಕೆ ಪ್ರಕಾರವೇ ಅವಳದಾಯಿತು. ಸಂಸ್ಕೃತದಲ್ಲಿ ಕಾದಂಬರಿ ಎಂದರೆ ಮದ್ಯ ಎಂಬ ಅರ್ಥವೂ ಇದೆ. ಕಥೆ ಮುಗಿಯುವ ಮೊದಲೇ ಬಾಣ ತೀರಿಕೊಂಡ. ಉಳಿದದ್ದನ್ನು ಬರೆದ ಅವನ ಮಗ ಎರಡೂ ಅರ್ಥಗಳನ್ನು ಹೆಣೆದು, ಕಾದಂಬರಿಯ ರಸದಿಂದ ಮತ್ತೇರಿದ ಈ ಜನಕ್ಕೆ ಬೇರೆ ಯಾವುದರ ಎಚ್ಚರವೂ ಇಲ್ಲ ಎಂದ. ಪಂಡಿತರ ಮನೆಗಳಲ್ಲಿ ಓಡಾಡುವ ಇನ್ನೊಂದು ಮಾತೂ ಇದೆ: ಕಾದಂಬರೀರಸಜ್ಞಾನಾಮಾಹಾರೋಽಪಿ ನ ರೋಚತೇ. ಕಾದಂಬರಿಯ ರುಚಿ ಬಲ್ಲವರಿಗೆ ಊಟವೂ ಸೇರದು. ಪುಸ್ತಕ ಹಿಡಿದು ಹಂಚನ್ನು ಮರೆತವರಲ್ಲಿ ನೀವು ಮೊದಲನೆಯವರಲ್ಲ.

ಕೀಳು, ಮೇಲು ಎಂಬ ಮಾತು ಎತ್ತಿದ್ದೀರಿ. 11ನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಮಮ್ಮಟ ಕಾವ್ಯದಿಂದ ಆಗುವ ಪ್ರಯೋಜನಗಳನ್ನು ಎಣಿಸಿದ್ದಾನೆ: ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಕೇಡಿನ ನಿವಾರಣೆ, ಓದಿದ ಕೂಡಲೇ ಒದಗುವ ಪರಮಸುಖ, ನಲ್ಲೆ ಹೇಳಿದಂತೆ ಮನಸ್ಸಿಗಿಳಿಯುವ ಉಪದೇಶ. ಈ ಆರರಲ್ಲಿ ಯಾವುದು ತಲೆಯ ಮೇಲಿನ ಮಣಿ ಎಂದು ಹೇಳುವಾಗ ಅವನು ಉಪದೇಶದ ಕಡೆ ಕೈ ತೋರಿಸಲಿಲ್ಲ, ಕೂಡಲೇ ಒದಗುವ ಆ ಸುಖದ ಕಡೆ ತೋರಿಸಿದ. ಅದರ ಲಕ್ಷಣವನ್ನು ‘ವಿಗಲಿತವೇದ್ಯಾಂತರ’ ಎಂಬ ಪದದಲ್ಲಿ ಹಿಡಿದಿಟ್ಟ. ಅರಿಯಬೇಕಾದ ಬೇರೆಲ್ಲವೂ ಕರಗಿಹೋಗಿರುವ ಸ್ಥಿತಿ ಎಂದು ಅದರ ಅರ್ಥ. ನವನಗರ ಬಂದದ್ದೂ ಹೋದದ್ದೂ ತಿಳಿಯದೆ ಕುಳಿತಿದ್ದಿರಲ್ಲ, ಆ ಸ್ಥಿತಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಗೊತ್ತಿಲ್ಲ.

ಇನ್ನು ನೀವು ಪ್ರಶ್ನೆಯಾಗಿ ಕೇಳದೆ ನಡುವೆ ಬಿಟ್ಟುಹೋದ ಮಾತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಪತ್ರದ ಜೀವ ಇರುವುದು ಅಲ್ಲಿ. ನೆರಳೂ ಬೇಡ ಎನ್ನಿಸುವಂಥವಳು ಪುಸ್ತಕದೊಳಗೆ ಇಷ್ಟು ಹತ್ತಿರದವಳಾದದ್ದು ಹೇಗೆ?

ತರಗತಿಯಲ್ಲಿ ಮಾಡುತ್ತಿದ್ದಂತೆ ಇಲ್ಲಿಯೂ ಒಂದು ಪ್ರಸಂಗ ಕಟ್ಟಿ ತೋರಿಸುತ್ತೇನೆ. ಗದಗಿನಲ್ಲಿ ಹತ್ತಿ ದಲಾಲರೊಬ್ಬರ ತುಂಬಿದ ಮನೆ. ಹಿರಿಯ ಸೊಸೆ ಎಲ್ಲರಿಗೂ ಬಡಿಸಿ ಮುಗಿಸಿದ್ದಾಳೆ. ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿದೆ. ಒಳಗಿನಿಂದ ಅತ್ತೆ, “ನಿನ್ನ ಊಟ ಆಯಿತೇನು?” ಎಂದು ಕೇಳುತ್ತಾರೆ. ಸೊಸೆ “ಆಯಿತು” ಎನ್ನುತ್ತಾಳೆ. ಇಷ್ಟಕ್ಕೇ ನಿಲ್ಲಿಸಿದರೆ ಅವಳು ಇನ್ನೊಬ್ಬ ತ್ಯಾಗಮಯಿ. ಅಯ್ಯೋ ಪಾಪ ಎಂದು ಪುಟ ತಿರುವುತ್ತೇವೆ. ಈಗ ಒಂದು ಸಾಲು ಸೇರಿಸೋಣ. ಮನೆ ಮಲಗಿದ ಮೇಲೆ ಅವಳು ಆ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲ ಬಾಗಿಲ ಕಡೆ ನಡೆಯುತ್ತಾಳೆ. ಯಾರಿಗಾಗಿ ಎಂದು ನಮಗೆ ಕುತೂಹಲ ಹುಟ್ಟಿತು. ಅಷ್ಟು ಎಳೆತ ಯಾವ ಅಗ್ಗದ ಕಥೆಗೂ ಇರುತ್ತದೆ. ಇನ್ನೂ ಒಂದು ಸಾಲು: ಅಗುಳಿ ಸದ್ದು ಮಾಡದಿರಲೆಂದು ಸಂಜೆ ದೀಪಕ್ಕೆ ಎಣ್ಣೆ ಹಾಕುವಾಗಲೇ ಅವಳು ಅದಕ್ಕೂ ಎರಡು ಹನಿ ಹಚ್ಚಿಟ್ಟಿದ್ದಳು.

ಈ ಎರಡು ಹನಿ ಎಣ್ಣೆಯಲ್ಲಿ ಅವಳು ಜೀವ ತಳೆದಳು. ‘ಆಯಿತು’ ಎಂಬ ಸುಳ್ಳು ಬಾಯಿಗೆ ಬಂದದ್ದಲ್ಲ, ಸಂಜೆಯಿಂದ ಕಾದಿಟ್ಟದ್ದು ಎಂದು ತಿಳಿಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಅವಳ ಮನಸ್ಸು ಎಲ್ಲಿತ್ತೆಂದು ತಿಳಿಯಿತು. ಇದು ಮೊದಲ ರಾತ್ರಿಯೂ ಅಲ್ಲ ಎಂಬ ಅನುಮಾನ ಬಂದಿತು. ಆ ಮನೆಯಲ್ಲಿ 12 ಜನರಿದ್ದರೂ ಇದೆಲ್ಲ ಬಲ್ಲವರು ಓದುತ್ತಿರುವ ನೀವೊಬ್ಬರೇ. ಅಗುಳಿ ತೆಗೆಯುವಾಗ ಅತ್ತೆ ಕೆಮ್ಮಿದರೆ ನಿಮ್ಮ ಎದೆಯೂ ಧಸಕ್ಕೆನ್ನುತ್ತದೆ. ಅವಳು ಮಾಡುತ್ತಿರುವುದು ಸರಿಯೋ ತಪ್ಪೋ ಎಂಬುದು ಇನ್ನೂ ಗೊತ್ತೇ ಆಗಿಲ್ಲ, ಆದರೆ ಅವಳು ಸಿಕ್ಕಿಬೀಳಬಾರದು ಎಂದು ನೀವು ಆಗಲೇ ಹರಕೆ ಹೊತ್ತಿದ್ದೀರಿ.

ಬೀದಿಯಲ್ಲಿ ಸುಳ್ಳುಗಾತಿಯೊಬ್ಬಳು ಎದುರಾದರೆ ಅವಳ ಸುಳ್ಳು ಮಾತ್ರ ನಮಗೆ ತಗಲುತ್ತದೆ. ಅದಕ್ಕೆ ಅವಳು ಎಷ್ಟು ಸಂಜೆಗಳನ್ನು ತೆತ್ತಳೆಂದು ಕಾಣುವುದಿಲ್ಲ. ಕಾದಂಬರಿ ನಮ್ಮನ್ನು ಅಗುಳಿಯ ಒಳಬದಿಯಲ್ಲಿ ನಿಲ್ಲಿಸುತ್ತದೆ. ಆಮೇಲೆ ನಾವು ಓದುಗರಾಗಿ ಉಳಿಯುವುದಿಲ್ಲ, ಅವಳ ಗುಟ್ಟಿನ ಪಾಲುಗಾರರಾಗುತ್ತೇವೆ. ನೀವು ಅಳುಕು ಎಂದು ಕರೆಯುತ್ತಿರುವುದರಲ್ಲಿ ಅರ್ಧ ಇದೇ ಎಂದು ನನ್ನ ಗಟ್ಟಿ ನಂಬಿಕೆ. ಮಾವನವರ ಹೆಜ್ಜೆ ಕೇಳಿ ಪುಸ್ತಕದ ಮೇಲೆ ಪತ್ರಿಕೆ ಮುಚ್ಚುವಾಗ ನಿಮ್ಮ ಕೈ ಅವಳನ್ನೂ ಮರೆಮಾಡುತ್ತಿರುತ್ತದೆ. ತಂಗಿಯ ಮದುವೆ ಮುರಿದವಳು ಯಾರೆಂದು ಆ ಪುಸ್ತಕದೊಳಗಿನ ಮನೆಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಹಾ ಸೋಸುತ್ತಿರುವವರಿಗೆ ಒಂದಿಷ್ಟು ಅಳುಕು ಇರುವುದು ಸಹಜ. ಚೆನ್ನಾಗಿ ಬರೆದ ಪಾತ್ರ ಆ ಭಾರವನ್ನು ಓದುಗರ ಮೇಲೆ ಹೊರಿಸಿಯೇ ತೀರುತ್ತದೆ.

ಮಾವನವರು ಕುಮಾರವ್ಯಾಸನನ್ನು ಓದುವಾಗ ಒಂದು ದಿನ ಹತ್ತಿರ ಕುಳಿತು ನೋಡಿ. ನಿಮ್ಮ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದಲ್ಲಿ ಹುಟ್ಟಿ, ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತ ಬರೆದವನು ಅವನು. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಒತ್ತಟ್ಟಿಗೆ ಕರೆದು ಅವನ ಹುಟ್ಟಿನ ಗುಟ್ಟನ್ನು ಕಿವಿಯಲ್ಲಿ ಹೇಳುತ್ತಾನೆ. ಅರ್ಜುನನಿಗೆ ಗೊತ್ತಿಲ್ಲ, ದುರ್ಯೋಧನನಿಗೆ ಗೊತ್ತಿಲ್ಲ. ಕೇಳುತ್ತಾ ಕುಳಿತ ಊರಿಗೆ ಗೊತ್ತು. ಅಲ್ಲಿಂದ ಮುಂದೆ ಕರ್ಣ ಆಡುವ ಒಂದೊಂದು ಮಾತಿನ ಹಿಂದೆಯೂ ಅವನು ಆಡದೆ ಬಿಟ್ಟದ್ದು ನಮಗೆ ಕೇಳಿಸುತ್ತದೆ. ಕರ್ಣ ಸಾಯುತ್ತಾನೆಂದು ತಿಳಿಯದವರು ಆ ಕಟ್ಟೆಯ ಮೇಲೆ ಒಬ್ಬರೂ ಇರುವುದಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಹಳಿದವನೂ ಇವನೇ ಎಂಬುದು ಅವರಿಗೆ ಮರೆತಿರುವುದಿಲ್ಲ. ಆದರೂ ಆ ಭಾಗ ಬಂದಾಗ ಹಿರಿಯರು ಕನ್ನಡಕ ತೆಗೆದು ಒರೆಸಿಕೊಳ್ಳುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಮಾವನವರು ಕರ್ಣನ ಗುಟ್ಟು ಕಾಯುತ್ತಾರೆ, ನೀವು ಆ ಹೆಂಗಸಿನದನ್ನು ಕಾಯುತ್ತಿದ್ದೀರಿ. ನಿಮ್ಮ ಪುಸ್ತಕ ಕುಮಾರವ್ಯಾಸನ ಎತ್ತರದ್ದು ಎಂದು ನಾನು ಹೇಳುತ್ತಿಲ್ಲ. ಮನಸ್ಸು ನಡೆಯುವ ದಾರಿ ಎರಡೂ ಕಡೆ ಒಂದೇ.

ಅಳುಕಿನ ಇನ್ನರ್ಧ ಮನೆಯದು. ಮುಚ್ಚಲು ನಿಮಗೆ ಸಿಕ್ಕ ವಸ್ತು ಯಾವುದು ನೋಡಿ: ದಿನಪತ್ರಿಕೆ. ಅದನ್ನು ಹಿಡಿದು ಅರ್ಧ ಗಂಟೆ ಕುಳಿತರೆ ಯಾರೂ ಏಕೆಂದು ಕೇಳುವುದಿಲ್ಲ. ಹೆಂಗಸಿನ ಕೈಯಲ್ಲಿ ದಪ್ಪ ಕಾದಂಬರಿ ಕಂಡರೆ ಕೆಲಸ ಮುಗಿಯಿತೇನು ಎಂಬ ಮಾತು ಬರುತ್ತದೆ, ಯಾರೂ ಕೇಳದಿದ್ದರೆ ನಮ್ಮೊಳಗಿನಿಂದಲೇ ಬರುತ್ತದೆ. ನನ್ನ ಅವ್ವನನ್ನು ಕಂಡೇ ನಾನು ಇದನ್ನು ಕಲಿತದ್ದು.

ನಮ್ಮ ಮನೆ ಮಾಳಮಡ್ಡಿಯಲ್ಲಿತ್ತು. ದಿನದ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ವಾಚನಾಲಯಕ್ಕೆ ಅವ್ವ ನನ್ನನ್ನು ಕಳಿಸುತ್ತಿದ್ದಳು. ಪುಸ್ತಕ ಕಾಯಿಪಲ್ಲೆಯ ಚೀಲದಲ್ಲಿ, ಮೆಂತ್ಯದ ಸಿವುಡಿನ ಕೆಳಗೆ ಮನೆಗೆ ಬರುತ್ತಿತ್ತು. ಹಗಲು ಅದು ಜೋಳದ ಹಿಟ್ಟಿನ ಡಬ್ಬಿಯ ಹಿಂದಿರುತ್ತಿತ್ತು. ಆ ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ಬೆನ್ನಿಗೆ ದಬ್ಬಣದಿಂದ ಮೂರು ತೂತು, ದಪ್ಪ ದಾರದ ಹೊಲಿಗೆ. ಹೊಲಿಗೆ ಬಿಗಿಯಾದ್ದರಿಂದ ಒಳ ಅಂಚಿನ ಒಂದೆರಡು ಅಕ್ಷರ ಓದಲು ಪುಟವನ್ನು ಎರಡೂ ಕೈಯಿಂದ ಅದುಮಬೇಕಾಗುತ್ತಿತ್ತು. ಪುಟದ ಕೆಳಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟಿನ ಗುರುತು. ಅಂಥದೊಂದು ಪುಸ್ತಕದಲ್ಲಿ ನಾಯಕಿಯ ಕೈಗೆ ಗಂಡನ ಹೆಸರಿಗೆ ಬಂದ ಪತ್ರವೊಂದು ಸಿಗುತ್ತದೆ. ಅಲ್ಲಿ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಿಂದ ‘ಬೇಡವ್ವಾ, ಒಡೆಯಬೇಡ’ ಎಂದು ಬರೆದಿದ್ದರು. ಅದರ ಕೆಳಗೆ ಬೇರೆ ಕೈ: ‘ಒಡೆದಳು.’ ಅದರ ಕೆಳಗೆ ಮೂರನೆಯದು: ‘ನಾನಾದರೂ ಒಡೆಯುತ್ತಿದ್ದೆ.’

ಆ ಮೂರನೆಯ ಸಾಲಿನ ‘ದ್ದೆ’ಯ ಒತ್ತಕ್ಷರ ಕೆಳಗೆ ಕೊಕ್ಕೆಯಂತೆ ಬಾಗಿತ್ತು. ಹಾಲಿನ ಲೆಕ್ಕ ಬರೆಯುವಾಗ ಅವ್ವ ಒತ್ತನ್ನು ಬಾಗಿಸುತ್ತಿದ್ದುದು ಹಾಗೆಯೇ. ನನಗೆ ಆಗ 13 ವರ್ಷ. ಅಪ್ಪನ ಎದುರು ಧ್ವನಿ ಎತ್ತದ, ಯಾವ ಹಬ್ಬಕ್ಕೂ ಇಂಥ ಸೀರೆ ಬೇಕೆಂದು ಬಾಯಿಬಿಡದ ಅವ್ವ, ಗುರುತಿಲ್ಲದ ಇಬ್ಬರು ಹೆಂಗಸರೊಡನೆ ಅಂಚಿನಲ್ಲಿ ಮಾತಾಡಿದ್ದಳು. ಅವಳು ಏನನ್ನು ಬಯಸಬಲ್ಲಳು ಎಂದು ನನಗೆ ತಿಳಿದದ್ದು ಆ ಒಂದು ಸಾಲಿನಿಂದ. ಅದರ ಬಗ್ಗೆ ನಾನು ಅವಳನ್ನು ಎಂದೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಈ ಓದುಗರನ್ನು ಹುಡುಕಿಕೊಂಡು ಊರೂರು ಅಲೆದವರು ನಮ್ಮ ಸೀಮೆಯಲ್ಲಿಯೇ ಇದ್ದರು. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು, ಊರ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದವರು (1869–1942), ಕಾದಂಬರಿಗಳನ್ನು ಬರೆದು, ಪುಸ್ತಕದ ಹೊರೆಯನ್ನು ತಾವೇ ಹೊತ್ತು ಮಾರಿದರು. ಹಾವೇರಿ ಹತ್ತಿರದ ಅಗಡಿಯಿಂದ ಬರುತ್ತಿದ್ದ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆಯನ್ನೂ ಅವರು ನಡೆಸಿದರು. ಕನ್ನಡ ಓದುವ ಅಭ್ಯಾಸವೇ ಇಲ್ಲದ ಕಡೆ ಅದನ್ನು ಹತ್ತಿಸಲು ಅವರು ನೆಚ್ಚಿದ್ದು ಕಥೆಯ ಎಳೆತವನ್ನು. ಆಮೇಲೆ 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರುಮಾಡಿದರು. ಗ್ರಂಥಮಾಲೆ ನಡೆದುಬಂದ ಸುಭಾಷ ರಸ್ತೆಯ ಆ ಅಟ್ಟದ ಬಗ್ಗೆ ಬರೆಯಲು ಕುಳಿತರೆ ಇನ್ನೊಂದು ಲೇಖನವೇ ಆದೀತು.

ಕಂತುಗಳಲ್ಲಿ ಬಂದ ಕಾದಂಬರಿಯ ಅಭ್ಯಾಸವೊಂದು ನಿಮಗೆ ಉಪಯೋಗಕ್ಕೆ ಬರಬಹುದು. ಮುಂದಿನ ಸಂಚಿಕೆ ಬರುವವರೆಗೆ ಓದುಗರನ್ನು ಕಾಯಿಸಬೇಕಾದ್ದರಿಂದ ಕಂತಿನ ಕೊನೆಗೆ ಲೇಖಕರು ಒಂದು ಗಂಟು ಹಾಕುತ್ತಿದ್ದರು. ಬಾಗಿಲು ಬಡಿದ ಸದ್ದಾಗುತ್ತದೆ, ಅಧ್ಯಾಯ ಮುಗಿಯುತ್ತದೆ. ಪುಸ್ತಕವಾದ ಮೇಲೂ ಆ ಗಂಟುಗಳು ಹಾಗೆಯೇ ಉಳಿದವು. ಈ ಅಧ್ಯಾಯ ಮುಗಿಸಿ ಏಳುತ್ತೇನೆ ಎಂದುಕೊಂಡರೆ ನೀವು ಏಳುವುದು ಮೂರು ಅಧ್ಯಾಯಗಳ ನಂತರ. ಅಧ್ಯಾಯದ ನಡುವೆ, ಯಾರೋ ಅಂಗಳದಲ್ಲಿ ಕಾಳು ಹಸನು ಮಾಡುತ್ತಿರುವಂಥ ನಿಧಾನದ ಪುಟದಲ್ಲಿ ಪುಸ್ತಕ ಮುಚ್ಚಿ. ಮರುದಿನ ಅಲ್ಲಿಗೆ ಮರಳುವುದೂ ಸುಲಭ. ಬಸ್ಸಿನಲ್ಲಾದರೆ ರಾಯಾಪುರ ಬಂದಾಗಲೇ ಪುಸ್ತಕ ಚೀಲಕ್ಕೆ ಹೋಗಲಿ. ಒಲೆಯ ಮುಂದೆ ಮಾತ್ರ ಓದಬೇಡಿ, ಅದು ನಿಜವಾಗಿಯೂ ಅಪಾಯ.

ಕಾದಂಬರಿ ಎಂದ ಮಾತ್ರಕ್ಕೆ ಎಲ್ಲವನ್ನೂ ನಾನು ಒಪ್ಪುವವಳಲ್ಲ. ಕೆಲವು ಪುಸ್ತಕಗಳೊಡನೆ ನನಗೆ ತೀರದ ಜಗಳವಿದೆ. ಮುನ್ನೂರು ಪುಟ ಗಂಡನಿಂದ ಏಟು ತಿಂದವಳು ಕೊನೆಯ ಪುಟದಲ್ಲಿ ಅವನ ಎದೆಗೊರಗಿ ಅತ್ತರೆ ಎಲ್ಲ ಸರಿಹೋಯಿತು ಎನ್ನುವ ಪುಸ್ತಕಗಳು ಅವು. ಅಲ್ಲಿ ಹೆಂಗಸಿನ ನೋವು ಓದುಗರ ನಾಲಗೆಗೆ ರುಚಿಯಾಗಲೆಂದು ಹಾಕಿದ ಖಾರ, ಅಷ್ಟೇ. ಅವಳಿಗೆ ಒಂದು ಸ್ವಂತ ಯೋಚನೆಯೂ ಇರುವುದಿಲ್ಲ. ಮುಂದಿನ ಅಧ್ಯಾಯಕ್ಕೆ ಅಳು ಬೇಕಾದರೆ ಅಳುತ್ತಾಳೆ, ಜಗಳ ಬೇಕಾದರೆ ಜಗಳವಾಡುತ್ತಾಳೆ. ನಿಮ್ಮ ನಾಯಕಿ ಅಂಥವಳೋ ಅಲ್ಲವೋ ಎಂದು ತಿಳಿಯಲು ಪುಸ್ತಕದಲ್ಲಿಲ್ಲದ ಒಂದು ಸನ್ನಿವೇಶಕ್ಕೆ ಅವಳನ್ನು ಕರೆತನ್ನಿ. ಅವಳು ನಿಮ್ಮ ಕಚೇರಿಯಲ್ಲಿದ್ದು, ಬೇರೆಯವರ ತಪ್ಪು ಅವಳ ತಲೆಗೆ ಬಂದರೆ ಏನು ಮಾಡುತ್ತಾಳೆ? ಉತ್ತರ ಥಟ್ಟನೆ ಹೊಳೆದರೆ ಅವಳು ಪುಟದಿಂದ ಹೊರಗೂ ಬದುಕಿದ್ದಾಳೆ.

ಎರಡನೆಯ ಓದಿನಲ್ಲಿ ತಂಗಿಯ ಮೇಲೆ ಕಣ್ಣಿಡಿ. ಇದು ನನ್ನ ಮುಖ್ಯ ಸಲಹೆ. ಅಕ್ಕನ ಗುಟ್ಟು ನಿಮ್ಮ ಕೈಯಲ್ಲಿದೆ, ಹಾಗಾಗಿ ಮೊದಲ ಓದಿನಲ್ಲಿ ನೀವು ಅವಳ ಪಕ್ಷ. ಆದರೆ ಮದುವೆ ಮುರಿದ ರಾತ್ರಿ ತಂಗಿ ಎಲ್ಲಿ ಮಲಗಿದ್ದಳು, ಯಾರೊಡನೆ ಮಾತಾಡಿದಳು, ಅಕ್ಕನ ಮೇಲೆ ಅವಳಿಗೆ ಒಮ್ಮೆಯಾದರೂ ಅನುಮಾನ ಬಂದಿತೇ ಎಂದು ಹುಡುಕಿ. ಲೇಖಕರು ಅವಳಿಗೂ ಒಂದು ಎಣ್ಣೆಯ ಹನಿ ಇಟ್ಟಿದ್ದರೆ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಕಾದಂಬರಿ. ಅವಳು ಅಳಲಿಕ್ಕೆ ಮಾತ್ರ ಬಂದುಹೋದವಳಾದರೆ, ಅಷ್ಟರ ಮಟ್ಟಿಗೆ ಅದು ಸೋತಿದೆ. ಸೋತ ಪುಸ್ತಕವನ್ನೂ ಪ್ರೀತಿಯಿಂದ ಓದಬಹುದು, ಎಲ್ಲಿ ಸೋತಿತೆಂದು ತಿಳಿದುಕೊಂಡು ಓದಿದರೆ ಆಯಿತು.

ಮುಖಪುಟ ಹರಿದಿದೆ ಎಂದಿರಿ. ಕಂದು ಕಾಗದದ ಹೊದಿಕೆ ಹಾಕಿ; ಹಾಳೆಗಳು ಸಡಿಲವಾಗಿದ್ದರೆ ಬೈಂಡಿಂಗ್ ಮಾಡುವವರ ಹತ್ತಿರ ಹೊಲಿಸಿ, ಒಳ ಅಂಚು ಬಿಟ್ಟು ಹೊಲಿಯಲು ಹೇಳಿ. ಆಮೇಲೆ ಪುಸ್ತಕವನ್ನು ಕುಮಾರವ್ಯಾಸನಿರುವ ಕಪಾಟಿನಲ್ಲಿಯೇ ಇಡಿ. ಮಾವನವರು ಇದೇನೆಂದು ಕೇಳಿದರೆ ಆ ಹೆಂಗಸಿನ ಕಥೆಯನ್ನು ಅವರಿಗೆ ಹೇಳಿ, ಗುಟ್ಟು ಬಯಲಾಗುವ ಜಾಗದಲ್ಲಿ ನಿಲ್ಲಿಸಿಬಿಡಿ. ಕರ್ಣನ ಜೊತೆ ಇಷ್ಟು ವರ್ಷ ಕಳೆದವರು ಮುಂದಿನದನ್ನು ಕೇಳದೆ ಇರಲಾರರು.

ಮತ್ತೆ, ಅದು ಯಾರೋ ಓದಿ ಮಾರಿದ ಪ್ರತಿ. ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ, ಪೆನ್ಸಿಲ್ಲಿನ ಗುರುತು ಮಾಸಿದ್ದರೂ ಓರೆಯಾಗಿ ಹಿಡಿದರೆ ಕಾಣುತ್ತದೆ. ಏನೂ ಇಲ್ಲದಿದ್ದರೆ, ಅವಳು ಮೊದಲ ಸುಳ್ಳು ಹೇಳುವ ಪುಟದಲ್ಲಿ ನೀವೇ ಒಂದು ಸಾಲು ಬರೆದಿಡಿ.